‘ಅರವತ್ತಕ್ಕೆ ಅರಳು ಮರಳು’ ಅಂತ ಬಿಡಬೇಡಿ: ಒಂದು ತಾಲೂಕಿನ ಜನರೇ ಸೇರಿ ನಡೆಸಿರುವ ಮರೆವಿನ ಸಂಶೋಧನೆ

ಕೂಡ್ಲಿಗಿ: ಕಿರಾಣಿ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರುವ ಅಜ್ಜ. ಬೆಳಿಗ್ಗೆ ಸಕ್ಕರೆ, ಚಾಪುಡಿ ಒಯ್ದವರು ಮಧ್ಯಾಹ್ನ ಮತ್ತೆ ಬಂದು ಅದನ್ನೇ ಕೇಳುತ್ತಾರೆ. ಉದ್ರಿ ತೀರಿಸಿ ಹೋದವರು ಮರುದಿನ ಮತ್ತೆ ದುಡ್ಡು ತರುತ್ತಾರೆ. ಇಲ್ಲವೇ ಕೊಡದಿದ್ದರೂ ‘ನಿನ್ನೆನೇ ಕೊಟ್ಟೀನಲ್ಲೋ’ ಅಂತ ಜಗಳಕ್ಕೆ ನಿಲ್ಲುತ್ತಾರೆ. ನೂರರ ನೋಟಿಗೆ ಎಷ್ಟು ಚಿಲ್ಲರೆ ಬರಬೇಕು ಅಂತ ತಿಳಿಯದೆ ಅಂಗೈಯಲ್ಲಿ ನಾಣ್ಯ ಹಿಡಿದು ಸುಮ್ಮನೆ ನೋಡುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಪೇಟೆಯಲ್ಲಾದರೂ ಅಂಗಡಿ ಇಟ್ಟವರಿಗೆ ಇಂಥ ಗಿರಾಕಿ ಹೊಸಬರಲ್ಲ. ಮನೆಯವರನ್ನು ಕೇಳಿದರೆ ಸಿಗುವ ಉತ್ತರವೂ ಒಂದೇ: ‘ವಯಸ್ಸಾತು ಬಿಡ್ರಿ, ಅರವತ್ತಕ್ಕೆ ಅರಳು ಮರಳು.’

ಆದರೆ ಇದು ಬರೀ ವಯಸ್ಸಿನ ಆಟ ಅಲ್ಲ. ಹಲವು ಸಲ ಇದರ ಹಿಂದೆ ಒಂದು ಕಾಯಿಲೆ ಇರುತ್ತದೆ. ಆ ಕಾಯಿಲೆ ಯಾಕೆ ಬರುತ್ತದೆ, ಯಾರಿಗೆ ಬರುತ್ತದೆ, ತಡೆಯಬಹುದಾ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಸಂಶೋಧನಾ ತಂಡ ಹೊರಟಿದೆ. ಅದು ಆರಿಸಿಕೊಂಡಿರುವುದು ದೊಡ್ಡ ನಗರವನ್ನಲ್ಲ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಎಂಬ ತಾಲೂಕನ್ನು.

ಏನಿದು ಕಾಯಿಲೆ?

ಮೆದುಳಿನ ನರಕೋಶಗಳು ನಿಧಾನವಾಗಿ ಸವೆದು ಸಾಯುವ ಕಾಯಿಲೆಗಳ ಒಂದು ಗುಂಪೇ ಇದೆ. ಕೈಕಾಲು ನಡುಗಿಸಿ ನಡಿಗೆ ಬಿಗಿಯಾಗಿಸುವ ಪಾರ್ಕಿನ್‌ಸನ್ ಅದರಲ್ಲಿ ಒಂದು. ನೆನಪು, ಲೆಕ್ಕ, ದಾರಿ, ಕೊನೆಗೆ ಮನೆಮಂದಿಯ ಗುರುತನ್ನೂ ಕಸಿಯುವ ಅಲ್‌ಝೈಮರ್ ಇನ್ನೊಂದು. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಅವರ ಹೆಸರೇ ಕಾಯಿಲೆಗೆ ಬಂತು. ನಿತ್ಯದ ಬದುಕಿಗೆ ತೊಡಕಾಗುವಷ್ಟು ಮರೆವು, ಗೊಂದಲ ಬಂದರೆ ಅದಕ್ಕೆ ವೈದ್ಯರು ಡಿಮೆನ್ಶಿಯಾ ಅನ್ನುತ್ತಾರೆ. ಅಲ್‌ಝೈಮರ್ ಅದರ ಮುಖ್ಯ ಕಾರಣ. ಮೆದುಳಿನ ರಕ್ತನಾಳ ಕೆಡುವುದು, ಪಾರ್ಶ್ವವಾಯು ಹೊಡೆಯುವುದು ಇತರ ಕಾರಣಗಳು.

ಅಂಗಡಿಯ ಖಾತೆ ಪುಸ್ತಕ ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್‌ಝೈಮರ್‌ನಲ್ಲಿ ಮೊದಲು ಕೆಡುವುದು ಹೊಸ ಲೆಕ್ಕ ಬರೆಯುವ ಮೆದುಳಿನ ಭಾಗ. ಹಳೆಯ ಪುಟಗಳು ಬಹಳ ದಿನ ಹಾಗೇ ಉಳಿದಿರುತ್ತವೆ. ಅದಕ್ಕೇ ಅಜ್ಜ ನಲವತ್ತು ವರ್ಷದ ಹಿಂದಿನ ಕೊಟ್ಟೂರು ತೇರಿನ ಕತೆಯನ್ನು ಎಳೆ ಎಳೆಯಾಗಿ ಹೇಳುತ್ತಾರೆ, ಬೆಳಿಗ್ಗೆ ಏನು ತಿಂದೆ ಅಂದರೆ ಗೊತ್ತಿಲ್ಲ. ಇದನ್ನು ನೋಡಿ ‘ಬೇಕಂತಲೇ ನಾಟಕ ಮಾಡ್ತಾನೆ’ ಅಂತ ಮನೆಯವರು ಸಿಟ್ಟಾಗುತ್ತಾರೆ. ನಾಟಕ ಅಲ್ಲ, ಬೆಳಗಿನ ಲೆಕ್ಕ ಪುಟಕ್ಕೆ ಇಳಿದೇ ಇರುವುದಿಲ್ಲ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದೇ ಲೆಕ್ಕ ಹಿಡಿದರೆ, 60 ದಾಟಿದವರು 300 ಜನ ಇರುವ ಊರಿನಲ್ಲಿ 20ರ ಮೇಲೆ ಇಂಥವರು ಇರಬಹುದು.

ಮಾವಿನ ಊರಿಗೆ ಬಂದ ಸಂಶೋಧಕರು

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಮೆದುಳು ಸಂಶೋಧನಾ ಕೇಂದ್ರವಿದೆ. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಇದಕ್ಕೆ ಹಣ ಕೊಟ್ಟಿದೆ. ಕೇಂದ್ರದ ಈಗಿನ ಕಟ್ಟಡವನ್ನು ಪ್ರಧಾನಿ ನರೇಂದ್ರ ಮೋದಿ 2022ರ ಜೂನ್ 20ರಂದು ಉದ್ಘಾಟಿಸಿದರು. ಕೇಂದ್ರದ ಸ್ಥಾಪಕ ನಿರ್ದೇಶಕಿ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್. ಮೊದಲು ನಿಮ್ಹಾನ್ಸ್‌ನಲ್ಲಿದ್ದವರು, ಆಮೇಲೆ ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಕಟ್ಟಿದವರು. 2010ರಲ್ಲಿ ಪದ್ಮಶ್ರೀ ಪಡೆದರು.

2018ರಲ್ಲಿ ಈ ಕೇಂದ್ರ ಶ್ರೀನಿವಾಸಪುರ ತಾಲೂಕಿನಲ್ಲಿ ಅಧ್ಯಯನ ಶುರು ಮಾಡಿತು. 45 ವರ್ಷ ದಾಟಿದ 10,000 ಹಳ್ಳಿ ಜನರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಅವರನ್ನೇ ಮತ್ತೆ ಮತ್ತೆ ಪರೀಕ್ಷಿಸುವುದು ಗುರಿ. ಮಾವಿಗೆ ಹೆಸರಾದ ಶ್ರೀನಿವಾಸಪುರ ಆಂಧ್ರದ ಗಡಿಗೆ ಹತ್ತಿರ. ಕನ್ನಡ, ತೆಲುಗು ಎರಡೂ ಅಲ್ಲಿ ಮನೆಮಾತು. ಬೇಸಾಯವೇ ಬದುಕು, ಶಾಲೆ ಕಾಣದ ಹಿರಿಯರು ಬಹಳ. ಈ ಭಾಗದ ಹಳ್ಳಿಗಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

60 ಅಲ್ಲ, 45ರಿಂದಲೇ ಯಾಕೆ? ಅಲ್‌ಝೈಮರ್‌ನ ಮೊದಲ ಬದಲಾವಣೆಗಳು ಮರೆವು ಕಾಣಿಸುವ 15ರಿಂದ 20 ವರ್ಷ ಮೊದಲೇ ಮೆದುಳಿನಲ್ಲಿ ಶುರುವಾಗಿರುತ್ತವೆ. ಲಕ್ಷಣ ಬಂದ ಮೇಲೆ ನೋಡಿದರೆ ಬೆಂಕಿ ಆರಿದ ಮೇಲೆ ಬೂದಿ ಕೆದಕಿದಂತೆ. ಇವತ್ತು ಚೆನ್ನಾಗಿರುವವರಲ್ಲಿ ಮುಂದೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಅವರ ಜೊತೆಗೇ ವರ್ಷಗಟ್ಟಲೆ ನಡೆದರೆ ಮಾತ್ರ ತಿಳಿಯುತ್ತದೆ.

ಹಳ್ಳಿಯೇ ಯಾಕೆ ಎಂಬುದಕ್ಕೂ ಕಾರಣವಿದೆ. ಮೆದುಳಿನ ಬಗ್ಗೆ ಜಗತ್ತಿಗೆ ಗೊತ್ತಿರುವ ಹೆಚ್ಚಿನ ಸಂಗತಿ ಯುರೋಪ್, ಅಮೆರಿಕದ ಓದಿದ ಜನರನ್ನು ಪರೀಕ್ಷಿಸಿ ಬಂದದ್ದು. ರಾಗಿ, ಜೋಳ ಉಂಡು ಬಿಸಿಲಲ್ಲಿ ದುಡಿದು ಶಾಲೆ ಮೆಟ್ಟಿಲು ಹತ್ತದವರಿಗೂ ಅದೇ ಲೆಕ್ಕ ಹೊಂದುತ್ತದೆ ಎಂದು ಹೇಳಲು ಆಗದು.

ತಂಡದಲ್ಲಿ ಯಾರ್ಯಾರು?

ಪ್ರಯೋಗಾಲಯ ಅಂದರೆ ಬಿಳಿ ಕೋಟು, ಗಾಜಿನ ಸೀಸೆ ಎಂಬ ಚಿತ್ರ ಇಲ್ಲಿ ಪೂರ್ತಿ ಸಾಲದು. ಮನೆ ಮನೆಗೆ ಹೋಗಿ ‘ಇದರಲ್ಲಿ ಸೇರ್ತೀರಾ’ ಎಂದು ಕೇಳಿ ಒಪ್ಪಿಗೆ ಪಡೆಯುವ ಕ್ಷೇತ್ರ ಸಿಬ್ಬಂದಿ, ನರರೋಗ ಬಲ್ಲ ವೈದ್ಯರು, ನೆನಪಿನ ಪರೀಕ್ಷೆ ನಡೆಸುವ ಮನಶ್ಶಾಸ್ತ್ರಜ್ಞರು, ಎಂಆರ್‌ಐ ತಂತ್ರಜ್ಞರು, ರಕ್ತದ ಮಾದರಿಯಿಂದ ವಂಶವಾಹಿ ಓದುವವರು, ಬಂದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸುವವರು ಎಲ್ಲರೂ ಬೇಕು.

ಪರೀಕ್ಷೆಯಲ್ಲಿ ಬಿಪಿ, ಶುಗರ್, ಕಿವಿ, ಕಣ್ಣು, ನಡಿಗೆ ಎಲ್ಲವನ್ನೂ ನೋಡುತ್ತಾರೆ. ಓದು ಬರಹ ಬಾರದ ಅಜ್ಜಿಗೆ ಪೆನ್ನು ಕೊಟ್ಟು ಬರೆಸಿದರೆ ಸಿಗುವುದು ಶಾಲೆಯ ಕೊರತೆಯೇ ಹೊರತು ಮೆದುಳಿನ ಕೊರತೆ ಅಲ್ಲ. ಹಾಗಾಗಿ ಅವರ ಮಾತಿನಲ್ಲೇ ಕೇಳುವ, ಚಿತ್ರ ಮತ್ತು ಮುಖ ತೋರಿಸಿ ನೆನಪು ನೋಡುವ ಪರೀಕ್ಷೆಗಳು ಬೇಕಾಗುತ್ತವೆ. ಮೆದುಳಿನ ಎಂಆರ್‌ಐಗೆ ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕು. ಮೈಯಲ್ಲಿ ಏನೂ ಇಲ್ಲದಿದ್ದರೂ ಒಂದು ದಿನದ ಕೂಲಿ, ಹೊಲದ ಕೆಲಸ ಬಿಟ್ಟು ಬರುವ ರೈತರು, ಹೆಣ್ಣುಮಕ್ಕಳು ಈ ಸಂಶೋಧನೆಯ ನಿಜವಾದ ಬಂಡವಾಳ.

ಹಿರೇಮದ್ದಿನ ಬೇರು, ಎರಡು ಭಾಷೆ

ವಿಜಯಲಕ್ಷ್ಮಿ ಅವರ ತಂಡ 2012ರಲ್ಲಿ ಒಂದು ಸಂಗತಿ ಪ್ರಕಟಿಸಿತು. ಅಶ್ವಗಂಧದ, ಅಂದರೆ ಹಿರೇಮದ್ದಿನ ಗಿಡದ, ಬೇರಿನ ಸಾರವನ್ನು ಅಲ್‌ಝೈಮರ್ ಬರಿಸಿದ ಇಲಿಗಳಿಗೆ ತಿನ್ನಿಸಿದಾಗ ಅವುಗಳ ನೆನಪು ಸುಧಾರಿಸಿತು, ಮೆದುಳಿನಲ್ಲಿ ಕಟ್ಟಿದ್ದ ಅಮೈಲಾಯ್ಡ್ ಎಂಬ ಪ್ರೊಟೀನಿನ ಗಸಿ ಕಡಿಮೆಯಾಯಿತು. ಅಚ್ಚರಿ ಏನೆಂದರೆ ಆ ಸಾರ ಕೆಲಸ ಮಾಡಿದ್ದು ಯಕೃತ್ತಿನ ಮೂಲಕ. ಆದರೆ ಅದು ಇಲಿಗಳ ಮಾತು. ಇದನ್ನು ನಂಬಿ ವೈದ್ಯರ ಮಾತ್ರೆ ಬಿಟ್ಟು ಡಬ್ಬಿ ಪುಡಿ ಕೊಳ್ಳುವುದು ಸರಿಯಲ್ಲ, ಅಂಗಡಿಯವರು ‘ಮರೆವಿಗೆ ರಾಮಬಾಣ’ ಅಂತ ಮಾರುವುದೂ ಸರಿಯಲ್ಲ.

ಇನ್ನೊಂದು ಅಧ್ಯಯನ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯದು. ಡಾ. ಸುವರ್ಣ ಅಲ್ಲಾಡಿ ಮತ್ತು ತಂಡ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬಾರದವರಲ್ಲೂ ಈ ಅಂತರ ಇತ್ತು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡಿ ವ್ಯಾಪಾರ ಮಾಡುವ ಈ ಭಾಗದವರಿಗೆ ಇದು ಸಮಾಧಾನದ ಸುದ್ದಿ. ಭಾಷೆಯಿಂದ ಭಾಷೆಗೆ ಹೊರಳುವುದೂ ಮೆದುಳಿಗೆ ಒಂದು ವ್ಯಾಯಾಮ ಎಂದು ಸಂಶೋಧಕರು ಊಹಿಸುತ್ತಾರೆ.

ತಡೆಯಬಹುದಾ?

ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ಆದರೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿ, ಇವನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿದೆ. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಬೀಡಿ ಸಿಗರೇಟು, ಅತಿ ಕುಡಿತ, ತಲೆಗೆ ಪೆಟ್ಟು, ಕಿವಿ ಮಂದ, ಕಣ್ಣು ಮಂಜು, ಖಿನ್ನತೆ, ಒಂಟಿತನ, ಮೈ ಅಲುಗದಿರುವುದು, ಹೊಗೆ ತುಂಬಿದ ಗಾಳಿ, ಚಿಕ್ಕಂದಿನಲ್ಲಿ ಶಾಲೆ ತಪ್ಪುವುದು. ಬೆಳಗಿಂದ ರಾತ್ರಿವರೆಗೆ ಗಲ್ಲಾ ಪೆಟ್ಟಿಗೆ ಮುಂದೆ ಕೂರುವ, ಮಾತ್ರೆ ತಪ್ಪಿಸುವ ಅಂಗಡಿಯವರು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಬೈಕ್ ಹತ್ತುವಾಗ ಹೆಲ್ಮೆಟ್ ಹಾಕುವುದೂ ಮರೆವು ತಡೆಯುವ ಕೆಲಸವೇ.

ಯಾವಾಗ, ಎಲ್ಲಿಗೆ?

ಕನ್ನಡಕ ಎಲ್ಲಿಟ್ಟೆ ಎಂದು ಮರೆತು ಆಮೇಲೆ ನೆನಪಾದರೆ ಹೆದರಬೇಕಿಲ್ಲ. ಕೇಳಿದ್ದನ್ನೇ ಪದೇ ಪದೇ ಕೇಳುವುದು, ಗೊತ್ತಿದ್ದ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಕೆಡುವುದು, ಸ್ವಭಾವ ಬದಲಾಗುವುದು ತಿಂಗಳುಗಟ್ಟಲೆ ನಡೆದರೆ ವೈದ್ಯರಿಗೆ ತೋರಿಸಬೇಕು. ಮುಖ್ಯ ಮಾತೆಂದರೆ ಎಲ್ಲ ಮರೆವೂ ಅಲ್‌ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟುವುದು ಇವೂ ಹೀಗೇ ಕಾಣುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ‘ಅರಳು ಮರಳು’ ಅಂತ ಮನೆಯಲ್ಲಿ ಕೂರಿಸಿದರೆ ವಾಸಿಯಾಗಬಹುದಾದ ಮನುಷ್ಯನೂ ಕೈತಪ್ಪುತ್ತಾನೆ. ಒಮ್ಮೆಲೇ, ಒಂದೆರಡು ದಿನದಲ್ಲಿ ಗೊಂದಲ ಬಂದರಂತೂ ತಡ ಮಾಡಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಬರೆಸಿಕೊಂಡು ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ನರರೋಗ ತಜ್ಞರ ಬಳಿ ಹೋಗಬಹುದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನೋಡಿಕೊಂಡು ಬಸವಳಿದ ಮನೆಯವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಕೊಟ್ಟೂರು ತೇರು, ಮೈಲಾರ ಜಾತ್ರೆಯಂಥ ಜನಜಂಗುಳಿಗೆ ಇಂಥ ಹಿರಿಯರನ್ನು ಕರೆದೊಯ್ಯುವಾಗ ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇಡಿ.

ಅಂಗಡಿಯವರಿಗೆ ಇನ್ನೊಂದು ಮಾತು. ಮಗ ಬೆಂಗಳೂರಿನಲ್ಲಿ, ಸೊಸೆ ಹೊಲದಲ್ಲಿ ಇರುವ ಮನೆಯ ಅಜ್ಜನ ಲೆಕ್ಕ ತಪ್ಪುತ್ತಿರುವುದು ಮೊದಲು ಕಾಣುವುದು ನಿಮ್ಮ ಗಲ್ಲಾ ಪೆಟ್ಟಿಗೆಗೆ. ಎರಡನೇ ಸಲ ಕೊಟ್ಟ ದುಡ್ಡನ್ನು ಕೈಗೆ ಮರಳಿಸಿ, ನಾಲ್ಕು ಜನರ ಎದುರು ನಗಬೇಡಿ. ಸಂಜೆ ಮನೆಯವರಿಗೆ ಒಂದು ಫೋನ್ ಹಚ್ಚಿ: ‘ಯಜಮಾನ್ರನ್ನ ಒಮ್ಮೆ ಡಾಕ್ಟರಿಗೆ ತೋರಿಸ್ರಿ.’