ಒಂದು ಹನಿ ನೀಲಿ!

ಕಣ್ಣಿಗೆ ಕಾಣದ ಹಾಳೆಯನ್ನು ದುಂಡಗೆ ಕತ್ತರಿಸಿ ಎಂದರೆ ಕತ್ತರಿಸುತ್ತೀರಾ? ಅದೂ ಮನುಷ್ಯನ ಕಣ್ಣೊಳಗೆ!

ಪೊರೆ ತೆಗೆಯುವ ಡಾಕ್ಟರು ಮಾಡುವುದು ಅದನ್ನೇ. ಕಣ್ಣಿನ ಮಸೂರದ ಸುತ್ತ ಬಣ್ಣವೇ ಇಲ್ಲದ ಒಂದು ಚೀಲವಿದೆ. ಅದರ ಮುಂಭಾಗ ಎಷ್ಟು ದಪ್ಪ? ಊಹಿಸಿ. ಅರ್ಧ ಮಿಲಿಮೀಟರ್? ಇಲ್ಲ, ಇಲ್ಲ! ಮಿಲಿಮೀಟರಿನ ನೂರು ಪಾಲಿನಲ್ಲಿ ಒಂದೋ ಎರಡೋ ಪಾಲು! ಅದರಲ್ಲಿ ಸುಮಾರು 5 ಮಿಲಿಮೀಟರಿನ ದುಂಡು ಬಾಯಿ ತೆರೆಯಬೇಕು.

ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಮಸೂರವನ್ನು ಚೀಲದ ಸಮೇತ ತೆಗೆಯುವುದೇ ರೂಢಿ. ಆಮೇಲೆ ಸೋಡಾಬುಡ್ಡಿ ಕನ್ನಡಕ. ಈಗ ಹೊಸ ಮಸೂರ ಕೂರುವುದು ಆ ಚೀಲದಲ್ಲೇ. ಅದು ಹರಿಯಕೂಡದು!

ಸಾಮಾನ್ಯ ಪೊರೆಯಾದರೆ ಸೂಕ್ಷ್ಮದರ್ಶಕದ ಬೆಳಕು ಕಣ್ಣಿನ ಹಿಂಬದಿಗೆ ತಾಗಿ ಕೆಂಪಗೆ ಮರಳುತ್ತದೆ. ಆ ಹೊಳಪಿನಲ್ಲಿ ಚೀಲದ ಅಂಚು ಕಾಣುತ್ತದೆ.

ಆದರೆ ಹಂದನಕೆರೆ ಕಡೆಯ ಅಜ್ಜಿಯೊಬ್ಬರು "ಪೊರೆ ಹಣ್ಣಾಗಲಿ ಬಿಡಪ್ಪ" ಎಂದು ವರ್ಷಗಟ್ಟಲೆ ಕಾದಿದ್ದರೆ? ಮಸೂರವೆಲ್ಲ ಬೆಳ್ಳಗೆ! ಕೆಂಪು ಹೊಳಪು ಮಾಯ! ಅಂಚು ಎಲ್ಲಿ? ಕಾಣುವುದೇ ಇಲ್ಲ. ಕೆಲವು ಬಿಳಿ ಪೊರೆಗಳಲ್ಲಂತೂ ದ್ರವ ತುಂಬಿ ಬಿಗಿದಿರುತ್ತದೆ. ಎಳನೀರಿಗೆ ಮಚ್ಚಿನ ಮೊನೆ ತಾಗಿದೊಡನೆ ನೀರು ಚಿಮ್ಮುವುದನ್ನು ನಿಮಗೆ ಹೇಳಬೇಕೆ? ಹಾಗೇ! ಸೂಜಿ ತಾಗಿತೋ, ಬೆಳ್ಳನೆ ದ್ರವ ಚಿಮ್ಮುತ್ತದೆ. ಚೀಲ ಸರ್ರನೆ ಸೀಳಿಬಿಡಬಹುದು.

ಇದಕ್ಕೆ ಉಪಾಯವೇನು? ಕೋಟಿ ರೂಪಾಯಿಯ ಯಂತ್ರವೇ? ಲೇಸರೇ?

ಬಣ್ಣ! ಬರೀ ಬಣ್ಣ! ಟ್ರೈಪಾನ್ ಬ್ಲೂ!

ನೂರು ವರ್ಷಕ್ಕೂ ಹಿಂದೆ ನಿದ್ರಾರೋಗದ ರೋಗಾಣು ಕೊಲ್ಲಲು ಹುಡುಕಾಡುತ್ತಿದ್ದಾಗ ಹುಟ್ಟಿದ ಬಣ್ಣಗಳಲ್ಲಿ ಇದೂ ಒಂದು. ಅದು ಪೊರೆ ಶಸ್ತ್ರಚಿಕಿತ್ಸೆಗೆ ಒದಗುತ್ತದೆಂದು ನೆದರ್ಲೆಂಡ್ಸಿನ ಗೆರಿಟ್ ಮೆಲ್ಲೆಸ್ ಮತ್ತು ಸಂಗಡಿಗರು ತೋರಿಸಿದ್ದು 1999ರಲ್ಲಿ. ಮೊದಲು ಕಣ್ಣೊಳಗೆ ಒಂದು ಗಾಳಿಗುಳ್ಳೆ. ಅದರಡಿ ನೀಲಿ ಹನಿ. ಕೆಲವೇ ಕ್ಷಣ, ತೊಳೆದರೆ ಮುಗಿಯಿತು. ಬಣ್ಣದ ಪ್ರಮಾಣ ಎಷ್ಟು ಗೊತ್ತೇ? ಶೇ. 0.06! ಅಷ್ಟಕ್ಕೇ ಚೀಲ ನೀಲಿ, ಒಳಗಿನ ಪೊರೆ ಬಿಳಿ! ಕಾಣದಿದ್ದ ಅಂಚು ಎದ್ದು ನಿಲ್ಲುತ್ತದೆ!

ಇನ್ನೊಂದು ಹೇಳದೆ ಇರಲಾರೆ. ಬಿಗಿದ ಚೀಲ ಎರಡೂ ಬದಿಗೆ ಸೀಳಿದರೆ ಕಾಣುವುದು ನೀಲಿ, ಬಿಳಿ, ನೀಲಿ ಪಟ್ಟೆ. ಯಾವ ದೇಶದ ಬಾವುಟ, ಹೇಳಿ? ಅರ್ಜೆಂಟೀನಾ! ಕಣ್ಣಿನ ವೈದ್ಯಲೋಕದಲ್ಲಿ ಈ ಸೀಳಿಗೆ ಆ ಬಾವುಟದ ಹೆಸರೇ ನಿಂತಿದೆ. ಅದು ಹಾರದಿರಲೆಂದೇ ಡಾಕ್ಟರು ಮೊದಲು ಸಣ್ಣ ಸೂಜಿಯಿಂದ ದ್ರವ ಹೀರಿ ಬಿಗಿ ಇಳಿಸುತ್ತಾರೆ.

ಪೊರೆ ಹಣ್ಣಾಗಲೆಂದು ಕಾಯುವ ಕಾಲ ಹೋಯಿತು. ಮನೆಯಲ್ಲಿ ಹಿರಿಯರ ಕಣ್ಣು ಮಂಜಾಗಿದ್ದರೆ ಈ ವಾರವೇ ತೋರಿಸಿ. ಪೂರ್ತಿ ಬೆಳ್ಳಗಾಗಿದೆ, ಇನ್ನೇನು ಎಂದು ಕೈಚೆಲ್ಲಿದ್ದೀರಾ? ಆಗಲೂ ತೋರಿಸಿ!