ಚಾಟಿಯೋ, ಗುಡಿಸಲೋ?



ಕಂಪ್ಯೂಟರ್ ಆಟದ ಹೆಸರೆತ್ತಿದರೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದಾಗ ಆ ಮನೆಯ ಯಜಮಾನರು, "ಇವನಿಗೆ ನಾಲ್ಕು ಬುದ್ಧಿಮಾತು ಹೇಳಿರಿ" ಎಂದು ಮೊಮ್ಮಗನನ್ನು ನಮ್ಮ ಮುಂದೆ ನಿಲ್ಲಿಸಿದರು. ನೋಡದೆ ನಿಂದಿಸುವುದು ವಿಚಾರವಂತರಿಗೆ ತರವಲ್ಲ. ಆದುದರಿಂದ ಮೊದಲು ಆಟವನ್ನು ತೋರಿಸೆಂದೆವು. ಅಂದು ಕಂಡುದನ್ನೂ ಆಮೇಲೆ ವಿಚಾರಿಸಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಆಟದ ಹೆಸರು 'ಸಿವಿಲೈಸೇಷನ್', ಅರ್ಥಾತ್ ನಾಗರಿಕತೆ. ಅಮೆರಿಕದ ಸಿಡ್ ಮೀಯರ್ ಮತ್ತು ಬ್ರೂಸ್ ಶೆಲ್ಲಿ ಎಂಬವರು ಇದರ ಮೊದಲ ಆವೃತ್ತಿಯನ್ನು ರೂಪಿಸಿದರು. ಅದು 1991ರಲ್ಲಿ ಹೊರಬಂದಿತು. 2025ರಲ್ಲಿ ಏಳನೆಯದು ಬಂದಿತು. ಆ ಬಾಲಕನು ಆಡುತ್ತಿದ್ದುದು 2005ರ ನಾಲ್ಕನೆಯ ಆವೃತ್ತಿ. ಇದರಲ್ಲಿ ಕೈಚಳಕದ ಅವಸರವಿಲ್ಲ. ಚದುರಂಗದಂತೆ ಸರದಿಯ ಮೇಲೆ ನಡೆಯುವ ಆಟವಿದು. ಎಷ್ಟು ಹೊತ್ತಾದರೂ ಯೋಚಿಸಬಹುದು. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರನ್ನು ನೆಲೆಗೊಳಿಸಿ ಆರಂಭಿಸಿದರೆ, ನಾಡನ್ನು ಆಧುನಿಕ ಕಾಲದವರೆಗೆ ನಡೆಸಬೇಕು. ಮೊದಲ ನೂರು ಸರದಿಗಳಲ್ಲಿ ಹಾಕಿದ ಅಡಿಪಾಯವೇ ಮುಂದಿನದನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ಊರಿನ ಸುತ್ತ 20 ಚೌಕಗಳಷ್ಟು ನೆಲವಿರುತ್ತದೆ. ಒಬ್ಬೊಬ್ಬ ನಿವಾಸಿ ಒಂದೊಂದು ಚೌಕದಲ್ಲಿ ದುಡಿಯುತ್ತಾನೆ. ನೆಲದಿಂದ ದೊರೆಯುವುದು ಮೂರು: ಆಹಾರ, ಕಟ್ಟುವ ಶಕ್ತಿ, ವಾಣಿಜ್ಯ. ಪ್ರತಿ ನಿವಾಸಿಯೂ ಸರದಿಗೆ 2 ಪಾಲು ಆಹಾರ ಉಣ್ಣುತ್ತಾನೆ. ಮಿಕ್ಕಿದ್ದು ಕೂಡಿದರೆ ಊರು ಬೆಳೆಯುತ್ತದೆ. ವಾಣಿಜ್ಯದ ಗಳಿಕೆಯನ್ನು ಬೊಕ್ಕಸಕ್ಕೆಷ್ಟು, ವಿದ್ಯೆಗಳ ಸಂಶೋಧನೆಗೆಷ್ಟು ಎಂದು ಆಡುವವನೇ ಹಂಚಬೇಕು.

ಮೊದಲು ಏನನ್ನು ಸಾಧಿಸಬೇಕೆಂಬ ಪ್ರಶ್ನೆಗೆ ಉತ್ತರ ನೆಲದಲ್ಲಿದೆ. ಊರ ಬಳಿ ಗೋಧಿ ಅಥವಾ ಭತ್ತವಿದ್ದರೆ ಬೇಸಾಯದ ವಿದ್ಯೆ ಮೊದಲು, ದನಕರುಗಳಿದ್ದರೆ ಪಶುಪಾಲನೆ, ಕಡಲಿನ ಮೀನಿದ್ದರೆ ಮೀನುಗಾರಿಕೆ. ಇದಿರಿಗಿಲ್ಲದ ಸಂಪತ್ತಿನ ವಿದ್ಯೆಯನ್ನು ಮೊದಲು ಅರಸಿದವನ ಸರದಿಗಳು ವ್ಯರ್ಥವಾಗುತ್ತವೆ. ಆಮೇಲೆ ಚಕ್ರ, ಅದರ ಹಿಂದೆಯೇ ಕುಂಬಾರಿಕೆ. ಕುಂಬಾರಿಕೆಯಿಂದ ಕಣಜ ಕಟ್ಟಬಹುದು, ಗುಡಿಸಲು ಹಾಕಬಹುದು. ಅನಂತರ ಬರವಣಿಗೆ, ಅದರಿಂದ ದೊರೆಯುವ ಗ್ರಂಥಾಲಯವು ಊರಿನ ಸಂಶೋಧನೆಯನ್ನು ನೂರಕ್ಕೆ 25ರಷ್ಟು ಹೆಚ್ಚಿಸುತ್ತದೆ.

ನೆಲವನ್ನು ಹಸನು ಮಾಡಲು ಕೆಲಸಗಾರರು ಬೇಕು. ಸಾಧಾರಣ ವೇಗದ ಆಟದಲ್ಲಿ ಕೆಲಸಗಾರನಿಗೆ 60 ಪಾಲು, ಹೊಸ ಊರು ಹೂಡುವವನಿಗೆ 100 ಪಾಲು ವೆಚ್ಚ. ಇವರು ಸಿದ್ಧವಾಗುವವರೆಗೆ ಊರಿನ ಬೆಳವಣಿಗೆ ನಿಲ್ಲುತ್ತದೆ. ಈ ಆಟದಲ್ಲಿ ಒಂದೊಂದು ದೇಶಕ್ಕೂ ವಿಶೇಷವಾದ ಒಂದು ಪಡೆಯುಂಟು. ಅನೇಕ ದೇಶಗಳಿಗೆ ಅದು ಯೋಧ. ಭಾರತಕ್ಕೆ ಕೊಟ್ಟಿರುವುದು ಯೋಧನನ್ನಲ್ಲ, ಇತರರಿಗಿಂತ ಚುರುಕಾಗಿ ನಡೆಯುವ ಕೆಲಸಗಾರನನ್ನು! ಕಾಯಕದ ನಾಡಿನವರಿಗೆ ಇದು ಹಿತವೆನಿಸದಿರದು.

ಬಾಲಕನು ಊರ ಮೇಲೆ ಊರು ಹೂಡುತ್ತ ಹೋದನು. ಊರುಗಳು ಹೆಚ್ಚಿದಂತೆ, ರಾಜಧಾನಿಯಿಂದ ದೂರವಾದಂತೆ ಅವುಗಳ ಪಾಲನೆಯ ವೆಚ್ಚ ಏರುತ್ತದೆ. ಬೊಕ್ಕಸ ಬರಿದಾಗತೊಡಗಿತು, ಸಂಶೋಧನೆಯ ಪಾಲನ್ನು ಇಳಿಸುತ್ತ ಬಂದು ಕಡೆಗೆ ವಿದ್ಯೆಯೇ ನಿಂತಿತು. ಸಾಲ ಮಾಡಿ ಮಹಡಿಯೇರಿಸಿ ಮಕ್ಕಳ ಶಾಲೆಯನ್ನು ಬಿಡಿಸಿದ ಸಂಸಾರದಂತಾಯಿತು ಆ ನಾಡಿನ ಸ್ಥಿತಿ.

ಆಗ ಅವನು ಮತ್ತೊಂದು ಉಪಾಯ ಹೂಡಿದನು. ಕಂಚಿನ ಕೆಲಸವನ್ನು ಕಲಿತ ನಾಡು ಗುಲಾಮಗಿರಿಯನ್ನು ಜಾರಿಗೆ ತರಬಹುದು. ಹಾಗೆ ಮಾಡಿದರೆ ಒಬ್ಬ ನಿವಾಸಿಯನ್ನು ಬಲಿಗೊಟ್ಟು, ನಡೆದಿರುವ ಕೆಲಸಕ್ಕೆ 30 ಪಾಲು ಶಕ್ತಿಯನ್ನು ಒಮ್ಮೆಲೇ ಪಡೆಯಬಹುದು. ಊರಿನಲ್ಲಿ 10 ಸರದಿ ಅಸಮಾಧಾನ ಉಳಿಯುತ್ತದೆ, ಅಷ್ಟೆ. ಹುಡುಗ ಗುಂಡಿ ಒತ್ತಿದನು. ಚಾಟಿಯ ಸದ್ದು ಕೇಳಿತು. ನಾವು ಬೆಚ್ಚಿದೆವು.

"ಯಾಕ ತಮ್ಮಾ, ಹಿಂಗ ಮಾಡಿದಿ?"

"ಲಗೂನ ಆಗ್ತದ್ರಿ ಅಜ್ಜಾರ. ಕಣಜ ಇದ್ರ ಮಂದಿ ಮತ್ತ ಬೆಳಿತಾರ."

ಲೆಕ್ಕದ ಮಟ್ಟಿಗೆ ಅವನ ಮಾತು ಸುಳ್ಳಲ್ಲ. ಊರು ಬೆಳೆದಾಗ ಖರ್ಚಾಗುವ ಆಹಾರದಲ್ಲಿ ಅರ್ಧವನ್ನು ಕಣಜವು ಉಳಿಸುವುದರಿಂದ ಕಳೆದ ತಲೆ ಬೇಗ ತುಂಬುತ್ತದೆ. ನುರಿತ ಆಟಗಾರರೂ ಈ ದಾರಿಯನ್ನು ಹಿಡಿಯುವುದುಂಟು. ಆದರೆ ಅದೇ ನಿವಾಸಿಯನ್ನು ಗುಡಿಸಲಿನ ನೆಲದಲ್ಲಿ ಕೂರಿಸಿದ್ದರೆ? ಈ ಲೆಕ್ಕವನ್ನು ಅವನಿಂದಲೇ ಮಾಡಿಸಿದೆವು. ಗುಡಿಸಲು ಮೊದಲ 10 ಸರದಿ ವಾಣಿಜ್ಯಕ್ಕೆ 1 ಪಾಲು ಕೊಡುತ್ತದೆ. ಕೇರಿಯಾಗಿ 20 ಸರದಿ 2 ಪಾಲು. ಹಳ್ಳಿಯಾಗಿ 40 ಸರದಿ 3 ಪಾಲು. 70 ಸರದಿಗಳಾದ ಮೇಲೆ ಪೇಟೆಯಾಗಿ 4 ಪಾಲು ಕೊಡುತ್ತಲೇ ಇರುತ್ತದೆ. ಪೇಟೆಯಾಗುವ ಮೊದಲೇ 170 ಪಾಲು ಸೇರಿರುತ್ತದೆ. ಕಟ್ಟುವ ಶಕ್ತಿ ಬೇರೆ, ವಾಣಿಜ್ಯ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು. ಆದರೂ ವಿದ್ಯೆ ನಿಂತುಹೋದ ನಾಡಿಗೆ ಬೇಕಾಗಿದ್ದುದು ಯಾವುದೆಂಬುದು ಸ್ಪಷ್ಟವಾಯಿತು. ಗಮನಿಸಬೇಕಾದುದೆಂದರೆ, ಗುಡಿಸಲು ಸುಮ್ಮನೆ ಬೆಳೆಯದು. ಅಲ್ಲಿ ಒಬ್ಬನು ನಿತ್ಯವೂ ದುಡಿಯುತ್ತಿದ್ದರೆ ಮಾತ್ರ ಬೆಳೆಯುತ್ತದೆ. ಅವನನ್ನು ಎಬ್ಬಿಸಿದ ದಿನ ಬೆಳವಣಿಗೆ ನಿಲ್ಲುತ್ತದೆ.

ಇನ್ನೊಂದು ಸಂಗತಿ ನಮಗೆ ಆಶ್ಚರ್ಯ ತಂದಿತು. ಆಟ ಬಹು ಮುಂದುವರಿದು ಪ್ರಜಾಪ್ರಭುತ್ವದ ವಿದ್ಯೆ ದೊರೆತಾಗ 'ವಿಮೋಚನೆ' ಎಂಬ ನೀತಿಯನ್ನು ಜಾರಿಗೆ ತರಬಹುದು. ಆಗ ಗುಡಿಸಲುಗಳು ಇಮ್ಮಡಿ ವೇಗದಲ್ಲಿ ಬೆಳೆಯುತ್ತವೆ. ಅದನ್ನು ಒಪ್ಪದ ನಾಡುಗಳಲ್ಲಿ ಜನರ ಅಸಮಾಧಾನ ತಲೆದೋರುತ್ತದೆ. ಚಾಟಿಯನ್ನು ಕೊಟ್ಟ ಆಟವೇ ಚಾಟಿಯ ಮಿತಿಯನ್ನೂ ತೋರಿಸಿದೆ.

ಹನ್ನೆರಡನೆಯ ಶತಮಾನದ ಶರಣರು ಕುಂಬಾರ ಗುಂಡಯ್ಯ, ಒಕ್ಕಲಿಗ ಮುದ್ದಣ್ಣ ಮೊದಲಾದವರ ದುಡಿಮೆಯನ್ನು ಕಾಯಕವೆಂದು ಗೌರವಿಸಿದರು. ದುಡಿಯುವವನು ಖರ್ಚಿನ ಬಾಬಲ್ಲ, ಅನುಭವಮಂಟಪದ ಸದಸ್ಯ ಎಂಬುದೇ ಅವರ ನಿಲುವು. ಪರದೆಯ ಮೇಲಿನ ನಿವಾಸಿಗೆ ನೋವಿಲ್ಲ, ನಿಜ. ಆದರೆ ಮನುಷ್ಯರನ್ನು 30 ಪಾಲೆಂದು ಎಣಿಸುವ ರೂಢಿ ಎಳೆಯ ಮನಸ್ಸಿನಲ್ಲಿ ಬೇರೂರಿದರೆ, ನಾಳೆ ಅವನು ಅಂಗಡಿಯನ್ನೋ ಕಾರ್ಖಾನೆಯನ್ನೋ ನಡೆಸುವಾಗ ಅದೇ ಎಣಿಕೆ ಕೈಗೆ ಬಂದೀತು.

ಯಜಮಾನರಿಗೆ ನಾವು ಹೇಳಿದುದಿಷ್ಟೆ: ಆಟವನ್ನು ಕಿತ್ತುಕೊಳ್ಳಬೇಡಿರಿ, ಕಾಲಮಿತಿಯನ್ನು ಹಾಕಿರಿ, ಆಗಾಗ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಎಷ್ಟು ಊರು ಗೆದ್ದೆ ಎಂದು ಕೇಳುವ ಮೊದಲು, ಯಾರಿಗೆ ಉಣಿಸಿದೆ, ಯಾರನ್ನು ದಂಡಿಸಿದೆ ಎಂದು ಕೇಳಿರಿ.

ನಾವು ಹೊರಡುವಾಗ ಬಾಲಕನು ಹೊಸ ಆಟವನ್ನು ಹೂಡಿದ್ದನು. ನದಿಯ ದಡದಲ್ಲಿ ಅವನ ಮೊದಲ ಗುಡಿಸಲು ಏಳುತ್ತಿತ್ತು.