ಮಣ್ಣು ರಸ್ತೆಗೆ ಸೈಕಲ್ ಟಯರ್: ಹಣ ಕೊಡುವ ಮೊದಲು ನಂಬರ್ ನೋಡಿ

ಕೊಡಗಿನ ಕುಟ್ಟದಿಂದ ತೋಲ್ಪೆಟ್ಟಿ, ಕಾಟಿಕುಳಂ ದಾಟಿದರೆ ವಯನಾಡಿನ ತೃಶ್ಶಿಲೇರಿ. ಮುಖ್ಯ ರಸ್ತೆಗೆ ಡಾಮರು ಇದ್ದರೂ ತೋಟದ ದಾರಿಗಳಲ್ಲಿ ಜಲ್ಲಿ, ಮಣ್ಣು, ಮಳೆಗಾಲದಲ್ಲಿ ಕೆಸರು. ಇಂಥ ಇಳಿಜಾರಿನಲ್ಲಿ ಟಯರ್ ಹಿಡಿತ ತಪ್ಪಿದರೆ ಎಷ್ಟು ಒಳ್ಳೆಯ ಬ್ರೇಕ್ ಇದ್ದೂ ಪ್ರಯೋಜನವಿಲ್ಲ.

ಅಂಗಡಿಗೆ ಹೋಗಿ ‘26ರ ಟಯರ್ ಕೊಡಿ’ ಅಂದರೆ ಸಾಲದು. 26×1.95 ಟಯರ್ 559 ಮಿ.ಮೀ. ರಿಮ್‌ನದ್ದು, 26×1 3/8 ಟಯರ್ 590 ಮಿ.ಮೀ. ರಿಮ್‌ನದ್ದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ದುಡ್ಡು ದಂಡ. ಹಳೇ ಟಯರಿನ ಬದಿಯಲ್ಲಿ 50-559 ರೀತಿಯ ಸಂಖ್ಯೆ ನೋಡಿ. ಮೊದಲನೆಯದು ಅಗಲ, ಎರಡನೆಯದು ರಿಮ್ ಅಳತೆ. ಎರಡನೆಯದನ್ನು ಬದಲಿಸುವಂತಿಲ್ಲ.

ಅಗಲ ಮಾತ್ರ ದಾರಿ ನೋಡಿ ಆರಿಸಬಹುದು. ಸಣ್ಣ ಜಲ್ಲಿಗೆ 40 ಮಿ.ಮೀ. ಸಾಕು, ಕಲ್ಲು, ಕೆಸರಿಗೆ 50ರ ಆಸುಪಾಸು ಬೇಕು. ಆದರೆ ಫ್ರೇಮ್, ಮಡ್‌ಗಾರ್ಡ್ ನಡುವೆ ಜಾಗ ಉಳಿಯಬೇಕು. ಇಲ್ಲದಿದ್ದರೆ ಕೆಸರು ತುಂಬಿ ಚಕ್ರವೇ ನಿಲ್ಲುತ್ತದೆ.

ದೊಡ್ಡ ಗುಬುಟು ಇದ್ದರೆ ಒಳ್ಳೆ ಟಯರ್ ಅಂತ ಹಲವರ ನಂಬಿಕೆ. ಕೆಸರಿಗೆ ಅದು ಸರಿ, ಡಾಮರಿನಲ್ಲಿ ಪೆಡಲ್ ಭಾರ. ಎರಡೂ ದಾರಿ ತುಳಿಯುವವರಿಗೆ ನಡುವೆ ಒತ್ತೊತ್ತಾಗಿ, ಅಂಚಿನಲ್ಲಿ ದೊಡ್ಡ ಗುಬುಟು ಇರುವುದು ಅನುಕೂಲ.

ಗಾಳಿಯನ್ನು ಕಲ್ಲಿನಂತೆ ಬಿಗಿ ಮಾಡಬೇಡಿ. ಟಯರ್ ಕುಪ್ಪಳಿಸಿ ಜಾರುತ್ತದೆ. ತೀರಾ ಕಮ್ಮಿಯಾದರೆ ಕಲ್ಲಿಗೆ ಬಡಿದು ಟ್ಯೂಬ್ ತೂತಾಗುತ್ತದೆ. ಬದಿಯಲ್ಲಿ ಬರೆದ ಮಿತಿಯೊಳಗೇ ಇರಲಿ.

ಒಂದೇ ಟಯರಿಗೆ ಹಣವಿದ್ದರೆ ಹೊಸದನ್ನು ಮುಂದೆ ಹಾಕಿಸಿ. ಹಿಂದಿನದು ಜಾರಿದರೆ ಸಾವರಿಸಬಹುದು, ಮುಂದಿನದು ಜಾರಿದರೆ ಬೀಳುವುದೇ ಹೆಚ್ಚು.